ಶಸ್ತ್ರಚಿಕಿತ್ಸೆ ಮತ್ತು ಮೂತ್ರಪಿಂಡ: ರೋಗಿಗಳೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳು

(ವಿಶ್ವ ಮೂತ್ರಪಿಂಡ ದಿನದ ಅಂಗವಾಗಿ ಆಸ್ಪತ್ರೆಯ ಸಭಾಂಗಣದಲ್ಲಿ ಒಳರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)

 

ಆಪರೇಷನ್ ಎಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆಗಳು ನಮಗೆ ಬಾಯಿಪಾಠವಾಗಿವೆ. ರಕ್ತ ಬೇಕಾಗುತ್ತದೆಯೇ? ಎಷ್ಟು ಹೊಲಿಗೆ? ಊಟ ಯಾವಾಗ ಕೊಡಬಹುದು? ಖರ್ಚು ಎಷ್ಟಾದೀತು? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಆಪರೇಷನ್ ಆದ ಮಾರನೆಯ ದಿನ ಬೆಳಿಗ್ಗೆ ವೈದ್ಯರು ವಾರ್ಡಿಗೆ ಬಂದಾಗ ಸಿಸ್ಟರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದನ್ನು ನೀವು ಗಮನಿಸಿರಬಹುದು: "ರಾತ್ರಿಯಿಂದ ಮೂತ್ರ ಎಷ್ಟಾಗಿದೆ?" ಹೊಟ್ಟೆಯ ಆಪರೇಷನ್ ಇರಲಿ, ಮುರಿದ ತೊಡೆಮೂಳೆಯ ಆಪರೇಷನ್ ಇರಲಿ, ಸಿಸೇರಿಯನ್ ಹೆರಿಗೆ ಇರಲಿ, ಈ ಪ್ರಶ್ನೆ ತಪ್ಪುವುದಿಲ್ಲ. ಇದನ್ನು ಏಕೆ ಕೇಳುತ್ತಾರೆ, ಅದಕ್ಕೆ ಸರಿಯಾದ ಉತ್ತರ ಸಿಗುವಂತೆ ನೀವು ಹೇಗೆ ನೆರವಾಗಬಹುದು ಎಂಬುದನ್ನು ತಿಳಿಸುವುದೇ ಇಂದಿನ ಮಾತಿನ ಉದ್ದೇಶ.

ಮೂತ್ರಪಿಂಡಗಳು ಮಾಡುವ ಕಾಯಕ

ನಮ್ಮ ಬೆನ್ನಿನ ಕೆಳಪಕ್ಕೆಲುಬುಗಳ ಮರೆಯಲ್ಲಿ, ಬೆನ್ನುಮೂಳೆಯ ಎರಡೂ ಬದಿಗೆ ಒಂದೊಂದರಂತೆ ಎರಡು ಮೂತ್ರಪಿಂಡಗಳಿವೆ. ಜನ ಇವುಗಳನ್ನೇ ಕಿಡ್ನಿ ಎನ್ನುತ್ತಾರೆ. ಒಂದೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ, ಅವರೆಕಾಳಿನ ಆಕಾರ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಸೋಸುವ ಘಟಕಗಳಿವೆ. ಹೃದಯ ಪ್ರತಿ ನಿಮಿಷ ಹೊರಹಾಕುವ ರಕ್ತದಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು ರಕ್ತ ಈ ಎರಡು ಪುಟ್ಟ ಅಂಗಗಳ ಮೂಲಕ ಹಾದುಹೋಗುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ. ಅದರಲ್ಲಿ ದೇಹಕ್ಕೆ ಬೇಕಾದದ್ದನ್ನೆಲ್ಲ ಮರಳಿ ಹೀರಿಕೊಂಡು, ಬೇಡವಾದದ್ದನ್ನು ಮಾತ್ರ ಒಂದೂವರೆ ಲೀಟರಿನ ಆಸುಪಾಸು ಮೂತ್ರವಾಗಿ ಹೊರಹಾಕುತ್ತವೆ. ಸದ್ದಿಲ್ಲದೆ, ಬಿಡುವಿಲ್ಲದೆ ನಡೆಯುವ ಕಾಯಕವಿದು.

ಕಸ ಹೊರಹಾಕುವುದಷ್ಟೇ ಇವುಗಳ ಕೆಲಸವಲ್ಲ. ದೇಹದ ನೀರು, ಉಪ್ಪು, ಪೊಟ್ಯಾಶಿಯಂ, ಆಮ್ಲ ಇವುಗಳ ಸಮತೋಲನ, ರಕ್ತದೊತ್ತಡದ ನಿಯಂತ್ರಣ, ರಕ್ತ ಉತ್ಪತ್ತಿಗೆ ಬೇಕಾದ ಹಾರ್ಮೋನು ಇವೆಲ್ಲವೂ ಮೂತ್ರಪಿಂಡಗಳ ಜವಾಬ್ದಾರಿಯೇ ಆಗಿವೆ.

ತಟ್ಟನೆ ಬೀಳುವ ಪೆಟ್ಟು

ಕಿಡ್ನಿ ಕಾಯಿಲೆ ಎಂದರೆ ಸಾಮಾನ್ಯವಾಗಿ ನಮ್ಮ ಜನರ ಕಣ್ಣಮುಂದೆ ಬರುವುದು ಸಕ್ಕರೆ ಕಾಯಿಲೆ, ಬಿ.ಪಿ.ಗಳಿಂದ ವರ್ಷಗಟ್ಟಲೆ ನಿಧಾನವಾಗಿ ಹಾಳಾಗುವ ಮೂತ್ರಪಿಂಡ. ಅದು ದೀರ್ಘಕಾಲಿಕ ಕಾಯಿಲೆ. ನಾನು ಇಂದು ಹೇಳುತ್ತಿರುವುದು ಬೇರೆ. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದ ಮೂತ್ರಪಿಂಡಗಳು ಕೆಲವು ಗಂಟೆ ಅಥವಾ ಕೆಲವು ದಿನಗಳ ಒಳಗೆ ಕೆಲಸ ಕಡಿಮೆ ಮಾಡುವುದು ಅಥವಾ ನಿಲ್ಲಿಸುವುದು. ಇದನ್ನು ಮೂತ್ರಪಿಂಡದ ತೀವ್ರ ಹಾನಿ ಎನ್ನುತ್ತೇವೆ. ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ಇದು ಅಪರೂಪವೇನಲ್ಲ. 30 ದೇಶಗಳ 10 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೊಡ್ಡ ಆಪರೇಷನ್ ಆದವರ ಪೈಕಿ ಐವರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಮೂರು ದಿನಗಳೊಳಗೆ ಇಂಥ ಹಾನಿ ಕಂಡುಬಂದಿತ್ತು. ಗಾಬರಿ ಬೇಡ. ಇದರಲ್ಲಿ ಹೆಚ್ಚಿನವು ಸೌಮ್ಯವಾದವು, ಬೇಗ ಗುರುತಿಸಿದರೆ ಸರಿಹೋಗುವಂಥವು. ಆದರೆ ಗುರುತಿಸುವುದು ತಡವಾದರೆ ಪ್ರಾಣಕ್ಕೇ ಕುತ್ತು ಬರಬಹುದು.

ಇದನ್ನು ಗುರುತಿಸಲು ವೈದ್ಯರ ಬಳಿ ಎರಡು ಅಳತೆಗೋಲುಗಳಿವೆ. ಒಂದು, ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಡೆಸಿಲೀಟರಿಗೆ 0.6ರಿಂದ 1.2 ಮಿಲಿಗ್ರಾಂ ಇರುತ್ತದೆ. 48 ಗಂಟೆಯೊಳಗೆ 0.3ರಷ್ಟು ಏರಿದರೂ, ಅಥವಾ ಒಂದು ವಾರದೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೂ ಅದು ಎಚ್ಚರಿಕೆಯ ಗಂಟೆ. ಎರಡನೆಯದು, ಮೂತ್ರದ ಪ್ರಮಾಣ. ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಆದರೂ ಬರಬೇಕು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿ.ಲೀ., ಆರು ಗಂಟೆಗೆ 180 ಮಿ.ಲೀ. ಅಂದರೆ ಒಂದು ಲೋಟದಷ್ಟು. ಆರು ಗಂಟೆಯಾದರೂ ಅಷ್ಟೂ ಬರದಿದ್ದರೆ ಕಾರಣ ಹುಡುಕಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ತಕ್ಷಣ ಕ್ರಿಯಾಟಿನಿನ್ ಏರುವುದಿಲ್ಲ. ಅದು ರಕ್ತದಲ್ಲಿ ಕೂಡಿಕೊಂಡು ವರದಿಯಲ್ಲಿ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕಾಗಬಹುದು. ಮೂತ್ರ ಕಡಿಮೆಯಾಗುವುದು ಅದಕ್ಕಿಂತ ಮೊದಲೇ ತಿಳಿಯುತ್ತದೆ. ಅಂದರೆ ಲ್ಯಾಬಿಗಿಂತ ಮೊದಲು ಸುದ್ದಿ ಕೊಡುವುದು ಮಂಚದ ಕೆಳಗಿನ ಮೂತ್ರದ ಚೀಲ.

ಆಪರೇಷನ್ ಕೈಗೋ ಕಾಲಿಗೋ, ಪೆಟ್ಟು ಮೂತ್ರಪಿಂಡಕ್ಕೇಕೆ?

ಹೊಲ ಮಾಡುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯಲ್ಲಿ ನೀರು ತುಂಬಿ ಹರಿಯುವಾಗ ಮೇಲಿನ ಹೊಲಕ್ಕೂ ನೀರುಂಟು, ಕೊನೆಯ ಹೊಲಕ್ಕೂ ಉಂಟು. ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಹೊಲ. ಮೂತ್ರಪಿಂಡದ ಒಳಭಾಗ ರಕ್ತನಾಳಗಳೆಂಬ ಕಾಲುವೆಯ ಕೊನೆಯ ಹೊಲವಿದ್ದಂತೆ. ಅಲ್ಲಿಗೆ ತಲುಪುವ ಆಮ್ಲಜನಕ ಮೊದಲೇ ಕಡಿಮೆ, ಕೆಲಸ ಮಾತ್ರ ಬಹಳ. ದೇಹದಲ್ಲಿ ಎಲ್ಲಿಯೇ ರಕ್ತ ನಷ್ಟವಾಗಲಿ, ರಕ್ತದೊತ್ತಡ ಇಳಿಯಲಿ, ದೇಹವು ಮೊದಲು ಮಿದುಳು ಮತ್ತು ಹೃದಯವನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡದ ಪಾಲು ಕಡಿಮೆಯಾಗುತ್ತದೆ.

ಆಪರೇಷನ್ ಸಂದರ್ಭದಲ್ಲಿ ಹೀಗಾಗಲು ಹಲವು ಕಾರಣಗಳಿವೆ:

1. ವಾಂತಿ, ಭೇದಿ, ಜ್ವರ ಅಥವಾ ಅತಿಯಾದ ಉಪವಾಸದಿಂದ ದೇಹದಲ್ಲಿ ನೀರು ಕಡಿಮೆಯಾಗಿರುವುದು.

2. ಅಪಘಾತದಲ್ಲಿ, ಹೆರಿಗೆಯಲ್ಲಿ ಅಥವಾ ಆಪರೇಷನ್ ಸಮಯದಲ್ಲಿ ರಕ್ತ ಹೋಗುವುದು. ಅರಿವಳಿಕೆಯಿಂದ ರಕ್ತದೊತ್ತಡ ಇಳಿಯುವುದು.

3. ಕರುಳು ತೂತಾಗಿ ಅಥವಾ ಗಾಯ ಕೀವಾಗಿ ಸೋಂಕು ರಕ್ತಕ್ಕೆ ಸೇರುವುದು. ತೀವ್ರ ಹಾನಿಗೆ ಇದು ಬಹುದೊಡ್ಡ ಕಾರಣ.

4. ಕೆಲವು ಔಷಧಗಳು: ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಕೀಟೊರೊಲಾಕ್ ಮುಂತಾದ ನೋವಿನ ಔಷಧಗಳು, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆ್ಯಂಟಿಬಯಾಟಿಕ್ ಇಂಜೆಕ್ಷನ್‌ಗಳು, ಸ್ಕ್ಯಾನಿಂಗ್ ವೇಳೆ ರಕ್ತನಾಳಕ್ಕೆ ಕೊಡುವ ಬಣ್ಣದ ಔಷಧ. ಅಗತ್ಯವಿದ್ದಾಗ ವೈದ್ಯರು ಇವನ್ನು ಲೆಕ್ಕ ಹಾಕಿ ಕೊಡುತ್ತಾರೆ. ಲೆಕ್ಕ ತಪ್ಪುವುದು ರೋಗಿ ಮೊದಲೇ ಏನು ನುಂಗಿದ್ದಾರೆಂದು ನಮಗೆ ತಿಳಿಯದಿದ್ದಾಗ.

5. ಮೂತ್ರ ಹರಿಯುವ ದಾರಿ ಕಟ್ಟಿಕೊಳ್ಳುವುದು: ಕಲ್ಲು, ವಯಸ್ಸಾದ ಗಂಡಸರಲ್ಲಿ ಪ್ರೋಸ್ಟೇಟ್ ಗ್ರಂಥಿಯ ಊತ, ಅಥವಾ ಮೂತ್ರದ ನಳಿಕೆ ಮಡಚಿಕೊಂಡಿರುವುದು.

60 ದಾಟಿದವರು, ಸಕ್ಕರೆ ಕಾಯಿಲೆ, ಬಿ.ಪಿ., ಹೃದಯ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಮೊದಲೇ ಕ್ರಿಯಾಟಿನಿನ್ ಹೆಚ್ಚಿರುವವರು, ಹೃದಯದ ಆಪರೇಷನ್ ಅಥವಾ ರಾತ್ರೋರಾತ್ರಿ ತುರ್ತು ಆಪರೇಷನ್‌ಗೆ ಒಳಗಾಗುವವರು ಇವರಿಗೆ ಅಪಾಯ ಹೆಚ್ಚು.

ಆಪರೇಷನ್‌ಗೆ ಮೊದಲು ನೀವು ಮಾಡಬೇಕಾದದ್ದು

ರೋಗಿ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. "ಬಿ.ಪಿ. ಗುಳಿಗೆ, ಬಿಳಿ ಬಣ್ಣದ್ದು" ಎಂದರೆ ನಮಗೆ ತಿಳಿಯುವುದಿಲ್ಲ, ಹಾಳೆ ತೋರಿಸಿ. ಮಂಡಿನೋವಿಗೆ, ಸೊಂಟನೋವಿಗೆ ಔಷಧಿ ಅಂಗಡಿಯಿಂದ ತಂದು ದಿನಾ ನುಂಗುತ್ತಿರುವ ಗುಳಿಗೆಯನ್ನೂ ಹೇಳಿ. ಬಹಳ ಜನ ಅದನ್ನು ಔಷಧವೆಂದೇ ಎಣಿಸುವುದಿಲ್ಲ. ಬಿ.ಪಿ.ಯ ಕೆಲವು ಗುಳಿಗೆಗಳು, ಮೂತ್ರ ಹೆಚ್ಚಿಸುವ ಗುಳಿಗೆ ಮತ್ತು ನೋವಿನ ಗುಳಿಗೆ ಈ ಮೂರೂ ಸೇರಿದಾಗ ಮೂತ್ರಪಿಂಡಕ್ಕೆ ವಿಶೇಷ ಅಪಾಯ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಆಪರೇಷನ್ ದಿನ ಬಿಡಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ. ನೀವಾಗಿಯೇ ಬಿಡಬೇಡಿ.

ನಾಟಿ ಔಷಧ, ಬೇರು, ಭಸ್ಮ, ಕಷಾಯ ತೆಗೆದುಕೊಂಡಿದ್ದರೆ ಸಂಕೋಚಪಡದೆ ತಿಳಿಸಿ. ಯಾರೂ ಬೈಯುವುದಿಲ್ಲ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಒಂದು ಆಮ್ಲ ಮೂತ್ರಪಿಂಡವನ್ನು ಶಾಶ್ವತವಾಗಿ ಹಾಳುಮಾಡುತ್ತದೆ ಎಂಬುದು ರುಜುವಾತಾದ ಸಂಗತಿ. ಗಿಡಮೂಲಿಕೆಯಾದ ಮಾತ್ರಕ್ಕೆ ಅದು ನಿರಪಾಯಕಾರಿ ಎಂದಲ್ಲ.

ಇನ್ನು ಉಪವಾಸದ ವಿಷಯ. "ನಾಳೆ ಆಪರೇಷನ್, ಏನೂ ಕೊಡಬೇಡಿ" ಎಂದರೆ ಕೆಲವರು ಹಿಂದಿನ ಸಂಜೆಯಿಂದಲೇ ಒಂದು ಗುಟುಕು ನೀರನ್ನೂ ಕೊಡುವುದಿಲ್ಲ. ಬೇಸಿಗೆಯ ರಾತ್ರಿ, ವಯಸ್ಸಾದ ಜೀವ, ಆಪರೇಷನ್ ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ದೇಹ ಒಣಗಿರುತ್ತದೆ. ನಿಗದಿತ ಆಪರೇಷನ್‌ಗೆ ಸಾಮಾನ್ಯ ನಿಯಮವೆಂದರೆ, ಲಘು ಆಹಾರ ಮತ್ತು ಹಾಲು 6 ಗಂಟೆ ಮೊದಲು ನಿಲ್ಲಿಸಬೇಕು, ಬರೀ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಎಣ್ಣೆ ತುಪ್ಪದ ಊಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಕರುಳಿನ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ, ತುರ್ತು ಆಪರೇಷನ್‌ಗೆ ಲೆಕ್ಕ ಬೇರೆಯಾಗಬಹುದು. ಆದ್ದರಿಂದ ಅರಿವಳಿಕೆ ವೈದ್ಯರನ್ನೇ ಕೇಳಿ: "ನೀರು ಎಷ್ಟು ಗಂಟೆಯವರೆಗೆ ಕೊಡಬಹುದು?" ಅವರು ಹೇಳಿದ ಗಂಟೆಯನ್ನು ಬರೆದಿಟ್ಟುಕೊಳ್ಳಿ.

ಆಪರೇಷನ್ ಆದ ಮೇಲೆ

ಮೂತ್ರವನ್ನು ಅಳೆಯಿರಿ. ನಳಿಕೆ ಹಾಕಿದ್ದರೆ ಸಿಸ್ಟರ್ ಅಳೆಯುತ್ತಾರೆ. ನಳಿಕೆ ಇಲ್ಲದಿದ್ದರೆ ಅಳತೆಯ ಪಾತ್ರೆ ಕೊಟ್ಟಿರುತ್ತಾರೆ, ಅದರಲ್ಲಿ ಹಿಡಿದು, ಗಂಟೆ ಮತ್ತು ಪ್ರಮಾಣ ಬರೆಯಿಸಿ, ಆಮೇಲೆ ಚೆಲ್ಲಿ. "ಒಂದ್ ಸಲ ಆತ್ರೀ" ಎಂದರೆ ಸಾಲದು, ಎಷ್ಟು ಎಂಬುದು ಬೇಕು. ನಾಚಿಕೆಪಟ್ಟುಕೊಂಡು ಪಾಯಖಾನೆಗೆ ಹೋಗಿ ಚೆಲ್ಲಿ ಬಂದರೆ ಒಂದು ಮುಖ್ಯವಾದ ಸುದ್ದಿಯನ್ನೇ ಚೆಲ್ಲಿದಂತೆ. ಏನೇನು ಕುಡಿದರು ಎಂಬುದನ್ನೂ ಹಾಗೆಯೇ ಬರೆಯಿಸಿ.

ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಮಗ್ಗುಲು ತಿರುಗಿಸಿದಾಗ ನಳಿಕೆ ತೊಡೆಯ ಕೆಳಗೆ ಸಿಕ್ಕಿದೆಯೇ ನೋಡಿ. ಬೆನ್ನಿಗೆ ಅರಿವಳಿಕೆ ಕೊಟ್ಟು ಹರ್ನಿಯಾ, ಮೂಲವ್ಯಾಧಿ ಮುಂತಾದ ಆಪರೇಷನ್ ಮಾಡಿದಾಗ ಮೂತ್ರ ಚೀಲದಲ್ಲಿಯೇ ನಿಂತುಬಿಡುವುದುಂಟು. ಕಿಬ್ಬೊಟ್ಟೆ ಉಬ್ಬಿ ಬಿಗಿಯಾಗಿದ್ದರೆ, ರೋಗಿ ಚಡಪಡಿಸುತ್ತಿದ್ದರೆ ಕೂಡಲೇ ಹೇಳಿ. ಒಂದು ನಳಿಕೆಯಿಂದ ಅದು ಪರಿಹಾರವಾಗುತ್ತದೆ.

ಈ ಲಕ್ಷಣಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಸಿಸ್ಟರನ್ನು ಎಬ್ಬಿಸಿ: ಆರು ಗಂಟೆಯಿಂದ ಮೂತ್ರ ತೀರಾ ಕಡಿಮೆ ಅಥವಾ ಇಲ್ಲ, ಮೂತ್ರ ಚಹಾದ ಬಣ್ಣಕ್ಕೆ ಅಥವಾ ಕೆಂಪಗೆ ತಿರುಗಿದೆ, ಮುಖ, ಕಾಲು ಊದಿವೆ, ಉಸಿರಾಟ ಏರಿದೆ, ಮಂಪರು, ತೊದಲು ಮಾತು, ಚಳಿಜ್ವರ.

ಎಲ್ಲ ಸಲವೂ ಮೂತ್ರ ಕಡಿಮೆಯಾದರೆ ಮೂತ್ರಪಿಂಡ ಕೆಟ್ಟಿದೆ ಎಂದಲ್ಲ. ಆಪರೇಷನ್ನಿನ ದಣಿವಿಗೆ ದೇಹವೇ ಒಂದೆರಡು ದಿನ ನೀರನ್ನು ಹಿಡಿದಿಟ್ಟುಕೊಳ್ಳುವುದುಂಟು. ಯಾವುದು ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ತಿಳಿಸುವುದು ನಿಮ್ಮ ಕೆಲಸ.

ಪ್ರೀತಿಯಿಂದ ಆಗುವ ಅನಾಹುತಗಳು

ರೋಗಿಯ ಮೇಲಿನ ಪ್ರೀತಿಯಿಂದಲೇ ಮನೆಯವರು ಮಾಡುವ ಕೆಲವು ಕೆಲಸಗಳು ತೊಂದರೆ ಕೊಡುತ್ತವೆ.

ಎಳನೀರು: ನಿಶ್ಶಕ್ತಿ ಎಂದು ಎಳನೀರು, ಮೋಸಂಬಿ ರಸ, ಬಾಳೆಹಣ್ಣು ತರುತ್ತೀರಿ. ಆರೋಗ್ಯವಂತರಿಗೆ ಇವು ಒಳ್ಳೆಯವೇ. ಆದರೆ ಇವುಗಳಲ್ಲಿ ಪೊಟ್ಯಾಶಿಯಂ ಬಹಳ. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಅದು ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಇರಬೇಕಾದದ್ದು 3.5ರಿಂದ 5ರವರೆಗೆ. ಅದು 6.5 ದಾಟಿದರೆ ಹೃದಯದ ಬಡಿತ ತಪ್ಪಿ ನಿಂತೇಹೋಗಬಹುದು. ಕ್ರಿಯಾಟಿನಿನ್ ಏರಿದೆ ಎಂದು ಹೇಳಿದವರಿಗೆ ಕೇಳದೆ ಎಳನೀರು ಕೊಡಬೇಡಿ.

ನೋವಿನ ಗುಳಿಗೆ: ನೋವು ತಡೆಯಲಾರದೆ ರೋಗಿ ನರಳಿದಾಗ ಹೊರಗಿನ ಅಂಗಡಿಯಿಂದ ಗುಳಿಗೆ ತಂದು ಕೊಡಬೇಡಿ. ನೋವು ಇದೆ ಎಂದು ನಮಗೆ ಹೇಳಿ. ಪ್ಯಾರಾಸಿಟಮಾಲ್‌ನಂತೆ ಸರಿಯಾದ ಪ್ರಮಾಣದಲ್ಲಿ ಮೂತ್ರಪಿಂಡಕ್ಕೆ ಹೆಚ್ಚು ಸುರಕ್ಷಿತವಾದ ಔಷಧಗಳಿವೆ.

"ಇನ್ನೊಂದು ಬಾಟಲಿ ಸಲೈನ್ ಹಾಕಿ": ನೀರು ಕಡಿಮೆಯಾದವರಿಗೆ ಸಲೈನ್ ಜೀವದಾನ. ಆದರೆ ಮೂತ್ರ ಬರದೆ ಇರುವವರಿಗೆ ಮಿತಿಮೀರಿ ಹಾಕಿದರೆ ಆ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟುತ್ತದೆ. ಬಾಟಲಿ ನಿಲ್ಲಿಸಿದ್ದಾರೆಂದರೆ ನಿರ್ಲಕ್ಷ್ಯ ಮಾಡಿದ್ದಾರೆಂದು ತಿಳಿಯಬೇಡಿ.

"ಮೂತ್ರ ಬರುವ ಇಂಜೆಕ್ಷನ್ ಕೊಟ್ಟುಬಿಡಿ": ಅಂಥ ಇಂಜೆಕ್ಷನ್ ಇದೆ. ದೇಹದಲ್ಲಿ ತುಂಬಿಕೊಂಡ ಹೆಚ್ಚಿನ ನೀರು ತೆಗೆಯಲು ಅದು ಉಪಯುಕ್ತ. ಆದರೆ ಪೆಟ್ಟು ಬಿದ್ದ ಮೂತ್ರಪಿಂಡವನ್ನು ಅದು ಗುಣಪಡಿಸುವುದಿಲ್ಲ. ನಿಜವಾದ ಚಿಕಿತ್ಸೆ ಎಂದರೆ ಕಾರಣವನ್ನು ಹುಡುಕಿ ಸರಿಪಡಿಸುವುದು: ರಕ್ತದೊತ್ತಡ ಎತ್ತುವುದು, ಸೋಂಕು ತಡೆಯುವುದು, ಕಟ್ಟಿದ ದಾರಿ ಬಿಡಿಸುವುದು, ಹಾನಿಕರ ಔಷಧ ನಿಲ್ಲಿಸುವುದು, ಉಳಿದ ಔಷಧಗಳ ಪ್ರಮಾಣ ಬದಲಿಸುವುದು. ಆಮೇಲೆ ಮೂತ್ರಪಿಂಡ ಚೇತರಿಸಿಕೊಳ್ಳಲು ಸಮಯ ಕೊಡುವುದು.

ಡಯಾಲಿಸಿಸ್ ಎಂದರೆ ಹೆದರಬೇಡಿ

ಇಷ್ಟೆಲ್ಲ ಮಾಡಿದರೂ ಕೆಲವರಲ್ಲಿ ಪೊಟ್ಯಾಶಿಯಂ ಏರುತ್ತದೆ, ನೀರು ತುಂಬುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಆಗ ಡಯಾಲಿಸಿಸ್ ಬೇಕು ಎನ್ನುತ್ತೇವೆ. ಈ ಮಾತು ಕೇಳಿದ ಕೂಡಲೇ ಅನೇಕ ಮನೆಗಳಲ್ಲಿ ಅಳು ಶುರುವಾಗುತ್ತದೆ. "ಒಮ್ಮೆ ಹಚ್ಚಿದರೆ ಸಾಯೋತನಕ ಬಿಡಂಗಿಲ್ಲಂತ, ಬ್ಯಾಡ್ರಿ, ಮನಿಗೆ ಕರ್ಕೊಂಡು ಹೊಕ್ಕೀವಿ" ಎನ್ನುತ್ತಾರೆ. ಬಂಧುಗಳೇ, ಇಂದಿನ ಮಾತಿನಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ವರ್ಷಗಟ್ಟಲೆ ಹಾಳಾಗಿ ಕುಗ್ಗಿದ ಮೂತ್ರಪಿಂಡಗಳಿಗೆ ಡಯಾಲಿಸಿಸ್ ಶುರುವಾದರೆ ಅದು ಸಾಮಾನ್ಯವಾಗಿ ಮುಂದುವರಿಯುತ್ತದೆ ಎಂಬುದು ನಿಜ. ಅದು ಡಯಾಲಿಸಿಸ್‌ನ ದೋಷವಲ್ಲ, ಮೂತ್ರಪಿಂಡ ಉಳಿದಿಲ್ಲ ಎಂಬುದರ ಪರಿಣಾಮ. ಆದರೆ ತಟ್ಟನೆ ಪೆಟ್ಟು ಬಿದ್ದ ಮೂತ್ರಪಿಂಡದ ವಿಷಯ ಬೇರೆ. ಅದರ ಸತ್ತ ಜೀವಕೋಶಗಳ ಜಾಗದಲ್ಲಿ ಹೊಸವು ಹುಟ್ಟಬಲ್ಲವು. ಅದಕ್ಕೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಬೇಕು. ಆ ಅವಧಿಯಲ್ಲಿ ರೋಗಿಯನ್ನು ಬದುಕಿಸಿಟ್ಟುಕೊಳ್ಳುವ ಊರುಗೋಲೇ ಡಯಾಲಿಸಿಸ್. ಕಾಲು ಮುರಿದವರು ಮೂಳೆ ಕೂಡುವವರೆಗೆ ಊರುಗೋಲು ಹಿಡಿಯುತ್ತಾರೆ, ಕೂಡಿದ ಮೇಲೆ ಬಿಡುತ್ತಾರೆ, ಹಾಗೆ.

ಡಯಾಲಿಸಿಸ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರು ಕೈಗೆ ಸಿಕ್ಕ ಸಾಮಾನುಗಳಿಂದಲೇ, ಉರುಳುವ ಪೀಪಾಯಿಗೆ ಸೆಲೋಫೇನ್ ಕೊಳವೆ ಸುತ್ತಿ ಮೊದಲ ಉಪಯುಕ್ತ ಡಯಾಲಿಸಿಸ್ ಯಂತ್ರ ಕಟ್ಟಿ 1943ರಲ್ಲಿ ರೋಗಿಗಳ ಮೇಲೆ ಬಳಸತೊಡಗಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಬದುಕಲಿಲ್ಲ. 1945ರಲ್ಲಿ, ಪಿತ್ತಕೋಶದ ಸೋಂಕಿನಿಂದ ಮೂತ್ರಪಿಂಡ ತಟ್ಟನೆ ನಿಂತು ಪ್ರಜ್ಞೆ ತಪ್ಪಿದ್ದ 67 ವರ್ಷದ ಒಬ್ಬ ಹೆಣ್ಣುಮಗಳಿಗೆ ಆ ಯಂತ್ರದಲ್ಲಿ ಡಯಾಲಿಸಿಸ್ ಮಾಡಿದರು. ಆಕೆಗೆ ಪ್ರಜ್ಞೆ ಮರಳಿತು. ಅನಂತರ ಆಕೆಯ ಸ್ವಂತ ಮೂತ್ರಪಿಂಡಗಳೇ ಮತ್ತೆ ಕೆಲಸ ಶುರುಮಾಡಿದವು. ಮುಂದೆಯೂ ಕೆಲವು ವರ್ಷ ಆಕೆ ಬದುಕಿದ್ದರು. ಕೃತಕ ಮೂತ್ರಪಿಂಡದಿಂದ ಬದುಕಿ ಉಳಿದ ಮೊದಲ ರೋಗಿಯೇ ಯಂತ್ರ ಬಿಟ್ಟು ಮನೆಗೆ ಹೋದವರು.

ಎಲ್ಲರೂ ಹೀಗೆಯೇ ಪೂರ್ತಿ ಚೇತರಿಸಿಕೊಳ್ಳುತ್ತಾರೆಂದು ಮಾತು ಕೊಡಲಾಗದು. ಮೊದಲೇ ಸಕ್ಕರೆ ಕಾಯಿಲೆಯಿಂದ ದುರ್ಬಲವಾಗಿದ್ದರೆ, ಸೋಂಕು ಅಂಗಾಂಗಗಳಿಗೆಲ್ಲ ಹರಡಿದ್ದರೆ ಕೆಲವರು ಉಳಿಯುವುದಿಲ್ಲ, ಕೆಲವರಿಗೆ ಡಯಾಲಿಸಿಸ್ ಮುಂದುವರಿಯಬೇಕಾಗುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ವೈದ್ಯರನ್ನು ನೇರವಾಗಿ ಕೇಳಿ: "ಇದು ಈಗ ಬಿದ್ದ ಪೆಟ್ಟೋ, ಹಳೆಯ ಕಾಯಿಲೆಯೋ? ಚೇತರಿಸುವ ಭರವಸೆ ಎಷ್ಟು? ಎಷ್ಟು ದಿನ ಬೇಕಾಗಬಹುದು?" ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಉತ್ತರ ತಿಳಿಯದೆ ಬರೀ ಹೆದರಿಕೆಯಿಂದ ರೋಗಿಯನ್ನು ಮನೆಗೆ ಕರೆದೊಯ್ದರೆ ಮರಳಿ ಬರಬಹುದಾಗಿದ್ದ ಜೀವ ಹೋಗಿಬಿಡಬಹುದು.

ಹಣದ ಚಿಂತೆ ಇರುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನದ ರೇಖೆಗಿಂತ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ವ್ಯವಸ್ಥೆಯಿದೆ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಿದೆ. ರೇಷನ್ ಕಾರ್ಡ್, ಆಧಾರ್, ಆರೋಗ್ಯ ಕಾರ್ಡ್‌ಗಳನ್ನು ದಾಖಲಾಗುವ ದಿನವೇ ತನ್ನಿ, ಕೌಂಟರಿನಲ್ಲಿ ವಿಚಾರಿಸಿ. ದಾಸೋಹದ ನೆಲೆಯ ಮೇಲೆ ನಿಂತ ಸಂಸ್ಥೆಯಿದು. ನಿಮ್ಮ ಕಷ್ಟ ಹೇಳಿಕೊಳ್ಳಲು ಹಿಂಜರಿಯಬೇಡಿ.

ಮನೆಗೆ ಹೋದ ಮೇಲೆ

ಮೂತ್ರ ಸರಿಯಾಯಿತು, ಗಾಯ ಮಾಯಿತು ಎಂದು ಮರೆಯಬೇಡಿ. ಒಮ್ಮೆ ಪೆಟ್ಟು ತಿಂದ ಮೂತ್ರಪಿಂಡ ಮುಂದೆ ದೀರ್ಘಕಾಲಿಕ ಕಾಯಿಲೆಗೆ ತುತ್ತಾಗುವ ಸಂಭವ ಹೆಚ್ಚು.

1. ವೈದ್ಯರು ಹೇಳಿದ ದಿನಕ್ಕೆ, ಹಾಗೂ ತಪ್ಪದೆ ಮೂರು ತಿಂಗಳಿಗೆ ಕ್ರಿಯಾಟಿನಿನ್, ಮೂತ್ರ ಮತ್ತು ಬಿ.ಪಿ. ಪರೀಕ್ಷೆ ಮಾಡಿಸಿ.

2. ಬಿಡುಗಡೆ ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಯಾವ ವೈದ್ಯರ ಬಳಿ ಹೋದರೂ "ಆಪರೇಷನ್ ಆದಾಗ ಕಿಡ್ನಿಗೆ ತೊಂದರೆಯಾಗಿತ್ತು" ಎಂದು ಮೊದಲೇ ಹೇಳಿ.

3. ನಿಲ್ಲಿಸಿದ ಬಿ.ಪಿ., ಸಕ್ಕರೆ ಗುಳಿಗೆಗಳನ್ನು ಯಾವಾಗ ಮತ್ತೆ ಶುರುಮಾಡಬೇಕೆಂದು ಕೇಳಿ ಬರೆಸಿಕೊಳ್ಳಿ.

4. ವೈದ್ಯರ ಚೀಟಿಯಿಲ್ಲದೆ ನೋವಿನ ಗುಳಿಗೆ ಬೇಡ.

5. ವಾಂತಿಭೇದಿಯಾದರೆ ಮನೆಯಲ್ಲಿಯೇ ಕೂರದೆ ಬೇಗ ತೋರಿಸಿ.

6. ನೀರು ಎಷ್ಟು ಕುಡಿಯಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಪಕ್ಕದ ಮಂಚದವರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ.

ಬಂಧುಗಳೇ, ಆಪರೇಷನ್ ಕೋಣೆಯೊಳಗೆ ನೀವು ಬರಲಾರಿರಿ, ಅಲ್ಲಿನ ಕೆಲಸ ನಮ್ಮದು. ಆದರೆ ರಾತ್ರಿಯಿಡೀ ರೋಗಿಯ ಪಕ್ಕದಲ್ಲಿ ಎಚ್ಚರವಾಗಿ ಕೂರುವವರು ನೀವು. ನಾಲ್ಕು ಸಂಗತಿಗಳನ್ನು ಪಾಲಿಸಿ: ನುಂಗಿದ ಔಷಧವನ್ನೆಲ್ಲ ಹೇಳಿ, ಮೂತ್ರವನ್ನು ಅಳೆಯಿರಿ, ಕೇಳದೆ ಏನನ್ನೂ ಕೊಡಬೇಡಿ, ಡಯಾಲಿಸಿಸ್ ಎಂದರೆ ವಿಚಾರಿಸಿ ನಿರ್ಧರಿಸಿ. ಮಲಗಿದ ಜೀವಕ್ಕೆ ನೀವು ಮಾಡಬಹುದಾದ ದೊಡ್ಡ ಸೇವೆ ಇದೇ. ನಿಮ್ಮವರೆಲ್ಲರೂ ಬೇಗ ಗುಣಮುಖರಾಗಿ ತಮ್ಮ ತಮ್ಮ ಕಾಯಕಕ್ಕೆ ಮರಳಲಿ ಎಂದು ಹಾರೈಸುತ್ತೇನೆ.